ಮಹಾಂತಪ್ಪ ಬಿಚ್ಚಿಟ್ಟ ಎಂಜಿನ್

ಮಹಾಂತಪ್ಪ ತೀರಿಕೊಂಡದ್ದು ಈ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ, ಯುಟ್ರೆಕ್ಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ, ಕೆಲಸಕ್ಕೆ ಹೋಗುವ ರೈಲಿಗೆ ಕಾಯುತ್ತಿದ್ದಾಗ. ಹೃದಯಾಘಾತ. ಐವತ್ತೆರಡು ವರ್ಷ. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಅವನು ಎಂಥವನಾಗಿದ್ದ ಎಂದು ಬರೆಯಬಲ್ಲೆ. ಅವನು ಅರ್ಧಕ್ಕೆ ಬಿಟ್ಟ ಒಂದು ಕೆಲಸ ಹೇಗೆ ಮುಗಿಯಿತು ಎಂದೂ ಬರೆಯಬಲ್ಲೆ.

ಅವನ ಪರಿಚಯವಾದದ್ದು ಹನ್ನೊಂದು ವರ್ಷದ ಹಿಂದೆ, ಆಮ್ಸ್ಟರ್‌ಡ್ಯಾಮಿಗೆ ಹೋಗುವ ರೈಲಿನಲ್ಲಿ. ನನ್ನ ಆಫೀಸು ಆ ಊರಿನ ಜೈಡಾಸ್ ಬಡಾವಣೆಯಲ್ಲಿ, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗ. ಅಂದು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದ್ದೆ ಅಷ್ಟೆ, ಎದುರಿಗೆ ಕುಳಿತಿದ್ದ ಎತ್ತರದ ಮನುಷ್ಯ ಮುಂದಕ್ಕೆ ಬಾಗಿದ.

"ಮೈಸೂರ ಕಡೆಯವ್ರೇನ್ರಿ?"

"ಹೌದು. ಹೇಗೆ ಗೊತ್ತಾಯ್ತು?"

"ಅವ್ವನ ಜೋಡಿ ಹತ್ತು ನಿಮಿಷ ಮಾತಾಡಿದ್ರಿ, ಒಮ್ಮೆನೂ ದನಿ ಎತ್ತಲಿಲ್ಲ. ನಮ್ಮ ಕಡೆಯವ್ರಾಗಿದ್ರ ಇಡೀ ಡಬ್ಬಿಗೆ ನಿಮ್ಮ ಮನಿ ಸುದ್ದಿ ಗೊತ್ತಾಗ್ತಿತ್ತು."

ಆಚೆ ಬದಿಯ ಹೆಂಗಸು ಕಿಟಕಿಯ ಮೇಲಿನ ಫಲಕವನ್ನು ಬೆರಳಿನಿಂದ ತಟ್ಟಿ ತೋರಿಸಿದಳು. ಅದು ಮಾತಾಡಬಾರದ ಬೋಗಿ. ನಾನು ಹತ್ತು ನಿಮಿಷ ಪಿಸುಗುಟ್ಟಿ ತಪ್ಪಿಸಿಕೊಂಡಿದ್ದೆ, ಅವನು ಒಂದೇ ವಾಕ್ಯಕ್ಕೆ ಸಿಕ್ಕಿಬಿದ್ದ. ಇಬ್ಬರೂ ಎದ್ದು ಬಾಗಿಲ ಬಳಿ ನಿಂತು ಮಾತು ಮುಂದುವರಿಸಿದೆವು. ಇಳಿಯುವ ಹೊತ್ತಿಗೆ ಬಹುವಚನ ಹೋಗಿತ್ತು.

ಅವನ ಊರು ರಬಕವಿ. ತಂದೆ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು. ಬಿಚ್ಚಿದ ಪ್ರತಿ ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಚಾದರದ ಮೇಲೆ ಇಡಬೇಕು, ಪಕ್ಕದಲ್ಲಿ ಚೀಟಿ ಬರೆದಿಡಬೇಕು ಎಂಬುದು ಅವರ ಮನೆಯ ಪದ್ಧತಿ. ಮಹಾಂತಪ್ಪ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಪಂಪು ತಯಾರಿಸುವ ಕಂಪನಿಯಲ್ಲಿದ್ದು, ಅಲ್ಲಿಂದ ಇಲ್ಲಿಗೆ ಬಂದ. ಇಲ್ಲಿಯೂ ಪಂಪೇ. ಸಮುದ್ರಮಟ್ಟಕ್ಕಿಂತ ಕೆಳಗಿರುವ ಹೊಲಗಳಿಂದ ನೀರನ್ನು ಎತ್ತಿ ಕಾಲುವೆಗೆ ಹಾಕುವ ದೊಡ್ಡ ಪಂಪುಗಳ ಪರೀಕ್ಷೆ. "ನಮ್ಮಲ್ಲಿ ಹೊಲಕ್ಕ ನೀರ ತರಾಕ ಪಂಪು, ಇಲ್ಲಿ ಹೊಲದಿಂದ ನೀರ ಹೊರಗ ಹಾಕಾಕ ಪಂಪು. ಪಂಪಿಗೇನ್ ತಿಳೀತೈತಿ, ಪಾಪ, ತಿರಗಂದ್ರ ತಿರಗತೈತಿ" ಎನ್ನುತ್ತಿದ್ದ.

ಹಟಮಾರಿ. ಡಚ್ ಭಾಷೆಯನ್ನು ಯಾವ ಸಂಕೋಚವೂ ಇಲ್ಲದೆ ವೇಗವಾಗಿ, ತಪ್ಪಾಗಿ ಮಾತಾಡುತ್ತಿದ್ದ. ಆದರೆ ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಕನ್ನಡ ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ. "ಕೈಗೆ ಎಣ್ಣಿ ಹತ್ತಿದ ಮ್ಯಾಲ ತೆಲಿ ಕನ್ನಡದಾಗ ಓಡತೈತಿ ಮುರಳಿ. ನಿಂಗ ತಿಳಿಯೂದಿಲ್ಲ, ನೀ ಕೀಬೋರ್ಡಿನ ಮ್ಯಾಲ ಅಷ್ಟ ಹುಲಿ." ಅದು ನಿಜ. ನನ್ನ ಮನೆಯಲ್ಲಿ ಸ್ಕ್ರೂಡ್ರೈವರ್ ಇರುವುದು ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸಲು ಮಾತ್ರ.

ಯುಟ್ರೆಕ್ಟಿನ ಹೊರವಲಯದಲ್ಲಿ ಕೈತೋಟದ ಸಂಘವೊಂದಿದೆ. ಅರವತ್ತು ತುಂಡು ತೋಟಗಳು, ನಡುವೆ ಹುಲ್ಲಿನ ದಾರಿಗಳು, ಒಂದು ತುದಿಯಲ್ಲಿ ಎಲ್ಲರಿಗೂ ಸೇರಿದ ಹುಲ್ಲುಗಾವಲು. ಮಹಾಂತಪ್ಪ ಮತ್ತು ಅವನ ಹೆಂಡತಿ ಗಿರಿಜಾದೇವಿ ಅಲ್ಲಿ ಮೆಂತ್ಯ, ರಾಜಗಿರಿ, ಹಸಿಮೆಣಸು ಬೆಳೆಯುತ್ತಿದ್ದರು. ಹುಲ್ಲು ಕತ್ತರಿಸಲು ಸಂಘಕ್ಕೆ ಕೂತು ಓಡಿಸುವ ಒಂದು ಹಳೆಯ ಯಂತ್ರವಿತ್ತು. ಕೆಂಪು ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಮೂವತ್ತು ವರ್ಷದ ಮೇಲಾಗಿತ್ತು. ಸೇರಿದ ಮೊದಲ ಬೇಸಿಗೆಯಲ್ಲೇ ಮಹಾಂತಪ್ಪ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡ. ಎಮ್ಮೆಯ ಹಾಗೆ ಹುಲ್ಲು ಮೇಯುತ್ತ ನಿಧಾನವಾಗಿ ಹೋಗುತ್ತದೆಂದು ಅದಕ್ಕೆ ಎಮ್ಮಿ ಎಂದು ಹೆಸರಿಟ್ಟ. ಸಂಘದ ಅಧ್ಯಕ್ಷ ಗೆರ್ಬೆನ್, ಎಪ್ಪತ್ತು ದಾಟಿದ ನಿವೃತ್ತ ಟ್ರ್ಯಾಮ್ ಚಾಲಕ, ಅದನ್ನು ಕೇಳಿ ಬಹಳ ಸಂತೋಷಪಟ್ಟರು. ಎಮ್ಮಿ ಎಂಬುದು ಅವರ ಚಿಕ್ಕಮ್ಮನ ಹೆಸರಂತೆ. ಮರುವಾರ ಯಂತ್ರದ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ, ಆ ಹೆಸರು ಬರೆದುಬಿಟ್ಟರು. ನಿಜ ಅರ್ಥ ಹೇಳಲು ಮಹಾಂತಪ್ಪನಿಗೆ ಕೊನೆಯವರೆಗೂ ಧೈರ್ಯ ಬರಲಿಲ್ಲ. "ಚಿಕ್ಕವ್ವನ ಹೆಸರು ಅಂತಾರಲೇ, ಏನ್ ಹೇಳ್ಲಿ?"

ಕಳೆದ ಅಕ್ಟೋಬರಿನಲ್ಲಿ ಎಮ್ಮಿ ನಿಂತುಹೋಯಿತು. ಮಹಾಂತಪ್ಪ ಎಂಜಿನ್ನಿನ ಮೇಲ್ಭಾಗ ಬಿಚ್ಚಿ, ಕಾರ್ಬೊರೇಟರ್ ಹೊರತೆಗೆದು, ಪ್ರತಿ ಸಾಮಾನನ್ನೂ ತೊಳೆದು ಒರೆಸಿ, ಖಾಲಿ ಮೊಸರಿನ ಡಬ್ಬಿಗಳಲ್ಲಿ ಹಾಕಿ, ಮೇಲೆ ಕಾಗದದ ಟೇಪು ಅಂಟಿಸಿ ಕನ್ನಡದಲ್ಲಿ ಬರೆದಿಟ್ಟ. ಚಳಿ ಕಳೆದ ಮೇಲೆ ಜೋಡಿಸುತ್ತೇನೆ ಎಂದು ಗೆರ್ಬೆನ್‌ಗೆ ಮಾತು ಕೊಟ್ಟ. ಚಳಿ ಕಳೆಯುವ ಮೊದಲೇ ಹೋದ.

ಮಾರ್ಚಿನಲ್ಲಿ ಸಂಘದ ವಾರ್ಷಿಕ ಸಭೆ. ತೋಟ ಈಗ ಗಿರಿಜಾದೇವಿಯವರ ಹೆಸರಿಗೆ ಬಂದಿದ್ದರಿಂದ ಅವರು ಹೋಗಲೇಬೇಕಿತ್ತು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಹೋದೆ. ಎಮ್ಮಿಯ ವಿಷಯ ಬಂತು. ಗೆರ್ಬೆನ್ ಬಹಳ ಮೆಲ್ಲಗೆ, ಅದನ್ನು ಗುಜರಿಗೆ ಕೊಡುವುದೆಂದು ಮಂಡಳಿ ತೀರ್ಮಾನಿಸಿದೆ, ಡಬ್ಬಿಗಳ ಮೇಲಿನ ಬರಹ ಯಾರಿಗೂ ಓದಲು ಬರುವುದಿಲ್ಲ, ಬಿಚ್ಚಿದವನೇ ಇಲ್ಲ ಎಂದರು. ಆಗ ಹಿಂದಿನ ಸಾಲಿನಿಂದ ವೌಟರ್ ಎಂಬ ಸದಸ್ಯ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಲೆಕ್ಕ ಒಪ್ಪಿಸುವವರಂತೆ ಹೇಳಿದರು: "ಅದು ಹೇಗೋ ನಡೆಯುತ್ತಿತ್ತು. ಮಹಾಂತಪ್ಪ ಬಿಚ್ಚಿದ ಮೇಲೆ ಕೆಟ್ಟಿತು."

ಗಿರಿಜಾದೇವಿಯವರಿಗೆ ಡಚ್ ಭಾಷೆ ಗಂಡನಿಗಿಂತ ಚೆನ್ನಾಗಿ ಬರುತ್ತದೆ. ಪ್ರತಿ ಪದವೂ ಅರ್ಥವಾಗಿತ್ತು. ಸೈಕಲ್ಲಿನಲ್ಲಿ ಮನೆಗೆ ಮರಳುವಾಗ ಕಾಲುವೆಯ ಸೇತುವೆಯ ಮೇಲೆ ತಟ್ಟನೆ ಇಳಿದು ನಿಂತರು.

"ಮುರಳಿಯವ್ರ, ಆ ಮಷೀನ್ ಗುಜರಿಗೆ ಹೋಗ್ತೈತೇನು, ಹೋಗ್ಲಿ. ಆದ್ರ ನಡಕೋಂತ ಹೋಗ್ಲಿ. ಅವರು ಕೆಡಿಸಿಟ್ಟು ಹೋದ್ರು ಅಂತ ಹೋಗಬಾರದು."

"ನಾನು ನೋಡ್ತೀನಿ ಅತ್ತಿಗೆ."

"ನೀವಾ?" ಎಂದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ, "ಆತು, ನೋಡ್ರಿ" ಎಂದರು.

ಮರುದಿನ ಗೆರ್ಬೆನ್‌ಗೆ ಫೋನ್ ಮಾಡಿದೆ. ಗುಜರಿಯವನು ಬರುವುದು ಏಪ್ರಿಲ್ ಮೊದಲ ಶನಿವಾರ ಹನ್ನೊಂದು ಗಂಟೆಗೆ, ಅದರೊಳಗೆ ನಡೆದರೆ ನೋಡೋಣ ಎಂದರು. ಅದಕ್ಕೆ ಮೊದಲು ನನಗೆ ಸಿಗುವುದು ಮೂರು ಶನಿವಾರ. ಶನಿವಾರ ಗಿರಿಜಾದೇವಿಯವರಿಗೆ ಅವರು ಕೆಲಸ ಮಾಡುವ ಲ್ಯಾಬಿನಲ್ಲಿ ಡ್ಯೂಟಿ. ಹಾಗಾಗಿ ನಾನೊಬ್ಬನೇ.

ಮೊದಲ ಶನಿವಾರ ಎಮ್ಮಿ ನಿಂತಿದ್ದ ಸಂಘದ ಷೆಡ್ಡಿನ ಬಾಗಿಲು ತೆರೆದಾಗ ಹದಿಮೂರು ಮೊಸರಿನ ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿ ಕುಳಿತಿದ್ದವು. ಓದತೊಡಗಿದೆ. "ಸಣ್ಣ ಸ್ಪ್ರಿಂಗ್. ಕೊಂಡಿ ಮ್ಯಾಲಿನ ತೂತಿಗೆ." "ಇದನ್ನ ಒತ್ತಬ್ಯಾಡ, ತಾನ ಕೂಡತೈತಿ." "ಪೆಟ್ರೋಲ್ ಪೈಪ್ ಕೊಳತೈತಿ, ಹೊಸಾದು ತರಬೇಕು." "ಪ್ಯಾಕಿಂಗ್ ಛಲೋ ಐತಿ. ಹೊಳ್ಳಿ ಹಚ್ಚಬೇಕು." ಒಂದು ಡಬ್ಬಿಯಲ್ಲಿ ಒಂಟಿ ಸ್ಕ್ರೂ. ಮೇಲೆ, "ಇದು ಎಲ್ಲಿಂದ ಬಂತೋ ಶಿವನ ಬಲ್ಲ." ಅಲ್ಲಿ ಕೂತು ಜೋರಾಗಿ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ.

ಆದರೂ ಅಂದು ಸಂಜೆಯೊಳಗೆ ಡಬ್ಬಿಗಳು ಖಾಲಿಯಾದವು, ಒಂಟಿ ಸ್ಕ್ರೂ ಒಂದನ್ನು ಬಿಟ್ಟು. ಅವನು ಬರೆದಂತೆ ಕೊನೆಯ ಡಬ್ಬಿಯಿಂದ ಮೊದಲನೆಯದರತ್ತ ಒಂದೊಂದನ್ನೇ ಜೋಡಿಸುತ್ತ ಹೋದೆ. ಅರ್ಥವಾಗದ ಕಡೆ ಫೋನಿನಲ್ಲಿ ಯಾರೋ ಅಮೆರಿಕದವನ ವಿಡಿಯೋ ನೋಡಿದೆ. ಕನ್ನಡದ ಚೀಟಿಗಳು ಮಾತ್ರ ಯಾರ ಸಹಾಯವೂ ಬೇಕಿಲ್ಲದೆ ಓದಿಸಿಕೊಂಡವು.

ಎರಡನೇ ಶನಿವಾರ ಹೊಸ ಪೈಪು ಹಾಕಿದೆ, ಮನೆಯಲ್ಲಿ ಚಾರ್ಜ್ ಮಾಡಿದ ಬ್ಯಾಟರಿ ತಂದು ಕೂಡಿಸಿದೆ, ಸ್ಪಾರ್ಕ್ ಪ್ಲಗ್ ಬದಲಿಸಿದೆ. ಕಾರ್ಬೊರೇಟರಿಗೆ ತುಸು ಪೆಟ್ರೋಲ್ ಹನಿಸಿ ಬೀಗದ ಕೈ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು! ನಾನು ಷೆಡ್ಡಿನ ಹೊರಗೆ ಬಂದು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹುಡುಕಿದೆ. ಅಷ್ಟರಲ್ಲಿ ನಿಂತಿತು. ಅರ್ಧ ನಿಮಿಷ.

ಮತ್ತೆ ಹನಿಸಿದೆ, ಮತ್ತೆ ಅರ್ಧ ನಿಮಿಷ. ಕೈಯಿಂದ ಹನಿಸಿದಷ್ಟು ಪೆಟ್ರೋಲ್ ಉರಿದು ಮುಗಿಯುತ್ತಿತ್ತು, ಟ್ಯಾಂಕಿನಿಂದ ಹೊಸದು ಬರುತ್ತಿರಲಿಲ್ಲ. ಟ್ಯಾಂಕು ಕೆಳಗಿದೆ, ಕಾರ್ಬೊರೇಟರ್ ಮೇಲಿದೆ. ಪೆಟ್ರೋಲನ್ನು ಮೇಲೆತ್ತಲು ಕಾರ್ಬೊರೇಟರಿನ ಪಕ್ಕದಲ್ಲೇ ಬೆಂಕಿಪೊಟ್ಟಣದಷ್ಟು ಪುಟ್ಟ ಪಂಪು ಇದೆ. ಮೂರನೇ ಶನಿವಾರ ಅದನ್ನು ಎರಡು ಸಲ ಬಿಚ್ಚಿದೆ. ಒಳಗಿನ ರಬ್ಬರ್ ಹಾಳೆ ಚೆನ್ನಾಗಿತ್ತು. ಪೈಪಿನಲ್ಲಿ ಕಸವಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದಿಟ್ಟೂ ನೋಡಿದೆ. ಅರ್ಧ ನಿಮಿಷ, ಅಷ್ಟೇ. ಪಂಪುಗಳಲ್ಲೇ ಬದುಕು ಕಳೆದವನ ಯಂತ್ರ ಒಂದು ಪುಟ್ಟ ಪಂಪಿನ ದೆಸೆಯಿಂದ ಗುಜರಿಗೆ ಹೋಗುತ್ತದೆಂದು ಸಂಕಟವಾಯಿತು. ಅಂದು ಗಿರಿಜಾದೇವಿಯವರಿಗೆ ಫೋನ್ ಮಾಡಿ, ಆಗಲಿಲ್ಲ ಎಂದೆ.

"ಮುಂದಿನ ಶನಿವಾರ ನಾ ರಜಾ ಹಾಕೀನಿ" ಎಂದರು. "ಮಷೀನ್ ಕಳಸಾಕ ಅಂತ ಅಲ್ಲ ಮತ್ತ. ರಿಪೇರಿ ಮಾಡಾಕ."

ಏಪ್ರಿಲ್ ಮೊದಲ ಶನಿವಾರ ಎಂಟೂವರೆಗೆ ಅವರು ಬಂದರು, ಚಹಾದ ಫ್ಲಾಸ್ಕು ಮತ್ತು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಹಿಡಿದು. ನಾನು ಮತ್ತೊಮ್ಮೆ ಪಂಪು ಬಿಚ್ಚುತ್ತಿದ್ದೆ. ಅವರು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತು ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ಗಂಡನ ಅಕ್ಷರವನ್ನು ಗಟ್ಟಿಯಾಗಿ ಓದತೊಡಗಿದರು. ನನಗಾಗಿ ಓದುತ್ತಿರಲಿಲ್ಲ. ನಾನು ತಲೆ ಎತ್ತಲಿಲ್ಲ.

"ಪ್ಯಾಕಿಂಗ್ ಛಲೋ ಐತಿ. ಹೊಳ್ಳಿ ಹಚ್ಚಬೇಕು" ಎಂದು ಓದಿ ನಿಲ್ಲಿಸಿದರು. "ಇದನ್ನ ಹಚ್ಚೀರೇನ್ರಿ?"

"ಹಾಕಿದೀನಿ ಅತ್ತಿಗೆ. ಕಾರ್ಬೊರೇಟರ್‌ಗೂ ಎಂಜಿನ್‌ಗೂ ಮಧ್ಯ ಬರೋ ಪೇಪರ್ ಅದು. ಅವ್ನು ಬರ್ದಿರೋ ಹಾಗೇ ತಿರುಗಿಸಿ ಹಾಕಿದೀನಿ."

"ತಿರುಗಿಸಿ? ತಿರುಗಿಸಿ ಅಂತ ಎಲ್ಲಿ ಬರದಾರ?"

"ಹೊಳ್ಳಿ ಅಂತ ಇದ್ಯಲ್ಲ. ಹೊರಳಿಸಿ ಹಾಕು ಅಂತ ತಾನೇ? ಒಂದ್ ಸೈಡು ಕಪ್ಪಾಗಿತ್ತು, ಅದಕ್ಕೇ ಇನ್ನೊಂದ್ ಸೈಡ್ ಹಾಕು ಅಂದಿದಾನೆ ಅಂದ್ಕೊಂಡೆ."

ಅವರು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡಿದರು. ತುಟಿ ಅಲುಗಿತು. ಅಳುತ್ತಾರೆಂದು ನಾನು ಸ್ಪ್ಯಾನರ್ ಕೆಳಗಿಟ್ಟೆ. ಅವರು ನಗುತ್ತಿದ್ದರು. ಜನವರಿಯ ನಂತರ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಅಯ್ಯ ನನ್ನ ಶಿವನೇ! ಹೊಳ್ಳಿ ಅಂದ್ರ ವಾಪಸ್ ಅಂತ್ರೀ! ಹೊಸಾದು ತರೂದು ಬ್ಯಾಡ, ಇದ ಛಲೋ ಐತಿ, ಇದನ್ನ ವಾಪಸ್ ಹಚ್ಚು ಅಂತ. ನಾ ನಿಮಗ ನಾಳೆ ಹೊಳ್ಳಿ ಬರ್ರಿ ಅಂದ್ರ ಏನ್ ತೆಲಿ ಕೆಳಗ, ಕಾಲ ಮ್ಯಾಲ ಮಾಡಿ ಬರ್ತೀರೇನು?"

ಹನ್ನೊಂದು ವರ್ಷ ಅವನ ಬಾಯಲ್ಲಿ ಆ ಪದವನ್ನು ಎಷ್ಟು ಸಲ ಕೇಳಿದ್ದೇನೋ. ಬಾಗಿಲಲ್ಲಿ ನಿಂತು ಹೊಳ್ಳಿ ಬಾ ಎಂದಾಗ ಸಂದರ್ಭದಿಂದಲೇ ಅರ್ಥವಾಗುತ್ತಿತ್ತು. ಟೇಪಿನ ಮೇಲೆ ಒಂಟಿಯಾಗಿ ಕಂಡಾಗ ನನ್ನ ಊರಿನ ಅರ್ಥವನ್ನು ಅದಕ್ಕೆ ಹಚ್ಚಿಬಿಟ್ಟಿದ್ದೆ. ಅರ್ಥವಾಗದಿದ್ದರೆ ಕೇಳುತ್ತಿದ್ದೆ. ಕನ್ನಡ ತಾನೇ ಎಂದು ಕೇಳಲಿಲ್ಲ.

ಕಾರ್ಬೊರೇಟರನ್ನು ಹಿಡಿದಿದ್ದ ಎರಡು ಬೋಲ್ಟು ಬಿಚ್ಚಿದೆ. ಆ ಪುಟ್ಟ ಪಂಪು ನಡೆಯುವುದು ಎಂಜಿನ್ನಿನ ಉಸಿರಿನಿಂದ, ಅಂದರೆ ಅದರೊಳಗಿನ ಗಾಳಿಯ ಏರಿಳಿತದಿಂದ. ಆ ಉಸಿರು ಎಂಜಿನ್ನಿನಿಂದ ಪಂಪಿಗೆ ದಾಟುವುದು ಪ್ಯಾಕಿಂಗಿನ ಒಂದು ಮೂಲೆಯಲ್ಲಿರುವ ಸಾಸಿವೆ ಕಾಳಿನಷ್ಟು ತೂತಿನ ಮೂಲಕ. ನಾನು ಮಗುಚಿ ಹಾಕಿದ್ದರಿಂದ ತೂತು ಇನ್ನೊಂದು ಮೂಲೆಗೆ ಹೋಗಿ, ಇರಬೇಕಾದ ಜಾಗದಲ್ಲಿ ಬರೀ ಕಾಗದ ಕೂತಿತ್ತು. ಕಾರ್ಬೊರೇಟರನ್ನು ಬೆಳಕಿಗೆ ಹಿಡಿದಾಗ ಇಬ್ಬರಿಗೂ ಸ್ಪಷ್ಟವಾಗಿ ಕಂಡಿತು.

ಆದರೆ ಪ್ಯಾಕಿಂಗು ಕಾರ್ಬೊರೇಟರಿಗೆ ಅಂಟಿಕೊಂಡಿತ್ತು. ಮೂವತ್ತು ವರ್ಷದ ಯಂತ್ರಕ್ಕೆ ಅಂಥದ್ದು ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಚಾಕು ತೆಗೆದುಕೊಂಡೆ.

"ಇಡ್ರಿ ಅದನ್ನ" ಎಂದರು ಗಿರಿಜಾದೇವಿ. "ಹರದ್ರ ಮುಗೀತು. ಕೊಡ್ರಿ ಇಲ್ಲೆ."

ಅಂಚಿಗೆ ಬೆರಳಿನಿಂದ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹೋಳಿಗೆಯನ್ನು ಹಾಳೆಯಿಂದ ಬಿಡಿಸುವ ಹಾಗೆ ಹೆಬ್ಬೆರಳ ಉಗುರನ್ನು ಒಳಗೆ ಸರಿಸುತ್ತ ಬಂದರು. ಅವಸರವಿರಲಿಲ್ಲ ಅವರಿಗೆ. ನಾನು ಗಡಿಯಾರ ನೋಡುತ್ತಿದ್ದೆ. ಒಂದು ಕಡೆ ಅಂಚು ಚೂರು ಸೀಳಿತು, ತೂತಿನಿಂದ ದೂರ. ಪೂರ್ತಿ ಬಿಟ್ಟುಕೊಂಡಾಗ ಹತ್ತೂಮುಕ್ಕಾಲು.

ನಾನು ಮತ್ತೆ ಜೋಡಿಸುತ್ತಿರುವಾಗ ಗುಜರಿಯವನ ವ್ಯಾನು ಟ್ರೇಲರ್ ಎಳೆದುಕೊಂಡು ಗೇಟಿನೊಳಗೆ ಬಂತು. ಗೆರ್ಬೆನ್ ಅವನ ಜೊತೆ ಷೆಡ್ಡಿನ ಬಾಗಿಲಿಗೆ ಬಂದು ನಿಂತರು. ಒಳಗೆ ನೋಡಿ, ಸ್ವಲ್ಪ ತಡೆ ಎಂಬಂತೆ ಅವನ ತೋಳು ಹಿಡಿದು ನಿಲ್ಲಿಸಿದರು.

ಬೀಗದ ಕೈ ಗಿರಿಜಾದೇವಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ಹೊತ್ತಿಕೊಂಡಿತು. ನಾನು ಫೋನಿನಲ್ಲಿ ಸೆಕೆಂಡು ನೋಡುತ್ತಿದ್ದೆ. ಇಪ್ಪತ್ತು. ಮೂವತ್ತು. ಮೂವತ್ತೈದಕ್ಕೆ ಸದ್ದು ಇಳಿಯಿತು. ಆಮೇಲೆ ಪಾರದರ್ಶಕ ಪೈಪಿನೊಳಗೆ ಪೆಟ್ರೋಲ್ ಒಂದು ಗುಳ್ಳೆಯನ್ನು ಮುಂದಕ್ಕೆ ತಳ್ಳಿಕೊಂಡು ಮೇಲೇರುವುದು ಕಾಣಿಸಿತು, ಸದ್ದು ಮತ್ತೆ ಏರಿ ಸಮವಾಯಿತು. ಒಂದು ನಿಮಿಷ. ಎರಡು. ಷೆಡ್ಡಿನ ತುಂಬ ಹೊಗೆ. ಐದು ನಿಮಿಷಕ್ಕೆ ನಾನು ನೋಡುವುದನ್ನು ಬಿಟ್ಟೆ.

"ಈ ವರ್ಷ ಎಮ್ಮಿಯೇ ಮೇಯಲಿ" ಎಂಬ ಅರ್ಥದ ಮಾತನ್ನು ಗೆರ್ಬೆನ್ ಎಂಜಿನ್ನಿಗಿಂತ ಜೋರಾಗಿ ಕೂಗಿ ಹೇಳಿದರು. "ಮುಂದಿನ ವರ್ಷದ್ದು ಮುಂದಿನ ವರ್ಷ." ಗುಜರಿಯವನು ಖಾಲಿ ಟ್ರೇಲರ್ ತೋರಿಸಿ ಗೊಣಗಿದ. ಅವರು ಅವನನ್ನು ಗೇಟಿನ ಪಕ್ಕ ಬಿದ್ದಿದ್ದ ತುಕ್ಕು ಹಿಡಿದ ಬೇಲಿಯ ಕಡೆ ಕರೆದುಕೊಂಡು ಹೋದರು.

"ಯಾರು ಓಡಿಸ್ತಾರೆ?" ಎಂದೆ. ನನಗೆ ಓಡಿಸಲು ಭಯವಿತ್ತು.

ಗಿರಿಜಾದೇವಿ ಆಗಲೇ ಹತ್ತಿ ಕುಳಿತಿದ್ದರು. ಕಾಲು ಪೆಡಲಿಗೆ ಮುಟ್ಟಲಿಲ್ಲ. ಸೀಟು ಮಹಾಂತಪ್ಪನ ಉದ್ದಕ್ಕೆ ತಕ್ಕಂತೆ ತೀರ ಹಿಂದಿತ್ತು. ಅದನ್ನು ಹಾಗೇ ಬಿಟ್ಟು, ಅವರ ಬೆನ್ನಿಗೆ ದಿಂಬು ಕೊಡೋಣವೆಂದು ನಾನು ಸುತ್ತ ನೋಡಿದೆ.

"ಏನ್ ಹುಡಕಾಕತ್ತೀರಿ? ಸ್ಪ್ಯಾನರ್ ಕೈಯಾಗ ಐತಲ್ರಿ. ಸೀಟ್ ಮುಂದ ತರ್ರಿ."

"ಅಲ್ಲ ಅತ್ತಿಗೆ, ಅವ್ನು ಇಟ್ಟಿದ್ದು..."

"ಇನ್ನ ಕೂಡಾಕಿ ನಾನು. ತರ್ರಿ ಮುಂದ."

ಎಂಜಿನ್ ಆರಿಸಿ ನಾಲ್ಕು ಬೋಲ್ಟು ಸಡಿಲಿಸಿ, ಸೀಟನ್ನು ಅತ್ಯಂತ ಮುಂದಿನ ತೂತುಗಳಿಗೆ ತಂದು ಬಿಗಿದೆ. ಮೊದಲ ಸಲಕ್ಕೇ ಮತ್ತೆ ಹೊತ್ತಿಕೊಂಡಿತು.

ಹುಲ್ಲುಗಾವಲಿನಲ್ಲಿ ಕತ್ತರಿಸಿದ ಮೊದಲ ಪಟ್ಟಿ ಸೊಟ್ಟಗೆ ಹೋಯಿತು, ಎರಡನೆಯದು ಅದಕ್ಕಿಂತ ಸೊಟ್ಟ. ತಿರುವಿನಲ್ಲಿ ಯಂತ್ರ ಪಕ್ಕದ ಕಾಲುವೆಯ ಅಂಚಿನವರೆಗೆ ಹೋದಾಗ ನನ್ನ ಜೀವ ಹೋಗಿ ಬಂತು. ನಾಲ್ಕನೆಯ ಪಟ್ಟಿಯ ಹೊತ್ತಿಗೆ ಕೈ ಕುದುರಿತ್ತು. ತೋಟಗಳಿಂದ ಜನ ತಲೆ ಎತ್ತಿ ನೋಡುತ್ತಿದ್ದರು. ದಾರಿಯ ಕೊನೆಯಲ್ಲಿ ವೌಟರ್ ತಮ್ಮ ಬೇಲಿಯ ಬಳಿ ಗುದ್ದಲಿ ಹಿಡಿದು ನಿಂತಿದ್ದರು. ಗಿರಿಜಾದೇವಿ ಸರಿಯಾಗಿ ಅವರ ಮುಂದೆ ಯಂತ್ರ ನಿಲ್ಲಿಸಿದರು, ಎಂಜಿನ್ ಆರಿಸದೆ. ನಾನು ಹುಲ್ಲು ಬಾಚುವ ಕೋಲು ಹಿಡಿದು ಹಿಂದೆ ಬರುತ್ತಿದ್ದೆ, ಆ ಮಾತು ಕೇಳಿಸಿತು.

"ಮಹಾಂತಪ್ಪ ರಿಪೇರಿ ಮಾಡಿದ್ದು" ಎಂದರು, ಡಚ್ಚಿನಲ್ಲಿ, ಒಂದೊಂದು ಪದವನ್ನೂ ಬಿಡಿಸಿ.

ವೌಟರ್ ಯಂತ್ರವನ್ನು ನೋಡಿದರು, ಅವರನ್ನು ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. "ಕೇಳಿಸುತ್ತಿದೆ" ಎಂದರು. ಸದ್ದನ್ನು ಇನ್ನೂ ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿ, "ಒಳ್ಳೆಯ ಕೆಲಸ ಮಾಡಿದ್ದಾರೆ" ಎಂದರು. ಆಮೇಲೆ ತಮ್ಮ ಬೇಲಿಯ ಉದ್ದಕ್ಕೂ ಮೊಣಕಾಲೆತ್ತರ ಬೆಳೆದಿದ್ದ ಹುಲ್ಲನ್ನು ಗುದ್ದಲಿಯಿಂದ ತೋರಿಸಿ, ತೊಂದರೆಯಿಲ್ಲದಿದ್ದರೆ ಅದನ್ನೂ ಕತ್ತರಿಸಲಾಗುತ್ತದೆಯೇ ಎಂದು ಕೇಳಿದರು.

ತೊಂದರೆಯಿಲ್ಲ ಎಂದು ಗಿರಿಜಾದೇವಿ ಸ್ಟೀಯರಿಂಗ್ ಆ ಕಡೆಗೆ ತಿರುಗಿಸಿದರು.